ಹೆಸರು ಯಾರ ಸ್ವತ್ತು? ಖೋಡೆ ಮನೆತನದ ಒಂದು ವ್ಯಾಜ್ಯ

ಫ್ರಾನ್ಸಿನ ಕೊನ್ಯಾಕ್ ಪಟ್ಟಣದಲ್ಲಿ 1715ರಲ್ಲಿ ಬ್ರಾಂದಿ ವ್ಯಾಪಾರ ಹೂಡಿದ ಮಾರ್ಟೆಲ್ ಜೆರ್ಸಿ ದ್ವೀಪದವನು. 1765ರಲ್ಲಿ ಬಂದ ರಿಚರ್ಡ್ ಹೆನೆಸಿ ಐರ್ಲೆಂಡಿನವನು, ಫ್ರೆಂಚ್ ದೊರೆಯ ಸೈನ್ಯದಲ್ಲಿ ದುಡಿದವನು. ಆ ಊರಿನ ಹೆಸರನ್ನು ಲೋಕಕ್ಕೆ ಮುಟ್ಟಿಸಿದವರಲ್ಲಿ ಇಂಥ ವಲಸಿಗರ ಮನೆತನಗಳೇ ಮುಂದು. ಆದರೆ 1909ರಲ್ಲಿ ಸರ್ಕಾರ ಗಡಿ ಗುರುತಿಸಿತು. ಆ ಸೀಮೆಯ ಆಚೆ ಇಳಿಸಿದ ಬ್ರಾಂದಿ ಎಷ್ಟೇ ಚೆನ್ನಾಗಿದ್ದರೂ ಕೊನ್ಯಾಕ್ ಅಲ್ಲ.

ವಲಸಿಗರ ಮನೆತನ, ಮದ್ಯ, ಹೆಸರು ಈ ಮೂರೂ ಕೂಡಿದ ಕಥೆ ನಮ್ಮಲ್ಲೂ ಒಂದಿದೆ. ಬೆಂಗಳೂರಿನ ಖೋಡೆ ಮನೆತನ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ್ದು. ಹುಬ್ಬಳ್ಳಿಯ ಸಾವಜಿ ಊಟ ಬಲ್ಲವರಿಗೆ ಈ ಸಮಾಜ ಹೊಸದಲ್ಲ. ತಮ್ಮ ಹಿರಿಯರು ಮಧ್ಯಭಾರತದ ಮಾಂಡವಗಡದಿಂದ ಬಂದವರೆಂಬುದು ಅವರ ನೆನಪು. ನೇಯ್ಗೆ ಅವರ ಕುಲಕಸುಬು. ಖೋಡೆ ಈಶ್ವರಸಾ ಅವರ ಮನೆಯ ಉದ್ಯಮವೂ 1906ರಲ್ಲಿ ರೇಷ್ಮೆಯಿಂದಲೇ ಶುರುವಾಯಿತು. ಮದ್ಯ ಆಮೇಲೆ ಬಂತು.

1968ರಲ್ಲಿ ಅವರು ‘ಪೀಟರ್ ಸ್ಕಾಟ್’ ವಿಸ್ಕಿಯನ್ನು ಮಾರುಕಟ್ಟೆಗೆ ತಂದರು. ಹೆಸರಿಟ್ಟವನು ಅವರಲ್ಲಿ ತಜ್ಞನಾಗಿದ್ದ ಪೀಟರ್ ವಾರೆನ್. ತನ್ನ ತಂದೆ ಸ್ಕಾಟ್ಲೆಂಡಿನವನು, ಆದ್ದರಿಂದ ತನ್ನ ಹೆಸರಿಗೆ ‘ಸ್ಕಾಟ್’ ಸೇರಿಸಿದೆ ಎಂದು ಆತ ಮುಂದೆ ಪ್ರಮಾಣಪತ್ರದಲ್ಲಿ ಹೇಳಿದ. ಧ್ರುವಯಾತ್ರಿಕ ಕ್ಯಾಪ್ಟನ್ ಸ್ಕಾಟ್ ಮತ್ತು ಅವನ ಮಗ ಪೀಟರ್ ಸ್ಕಾಟ್ ಕೂಡ ನೆನಪಿನಲ್ಲಿದ್ದರಂತೆ.

ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಇದನ್ನು ಒಪ್ಪಲಿಲ್ಲ. ಸ್ಕಾಟ್ಲೆಂಡಿನಲ್ಲಿ ತಯಾರಾಗದ ವಿಸ್ಕಿಗೆ ಈ ಹೆಸರೇಕೆ, ಕೊಳ್ಳುವವರು ಮೋಸಹೋಗುವುದಿಲ್ಲವೇ ಎಂದು 1986ರಲ್ಲಿ ನೋಂದಣಿಯನ್ನು ಪ್ರಶ್ನಿಸಿತು. ರಿಜಿಸ್ಟ್ರಾರರಲ್ಲೂ ಮದ್ರಾಸ್ ಹೈಕೋರ್ಟಿನಲ್ಲೂ ಖೋಡೆಯವರು ಸೋತರು. 2008ರ ಮೇ 27ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. 1974ರಲ್ಲೇ ವಿಷಯ ಗೊತ್ತಿದ್ದೂ ಹನ್ನೆರಡು ವರ್ಷ ಸುಮ್ಮನಿದ್ದವರು ಈಗ ತಕರಾರು ಎತ್ತುವಂತಿಲ್ಲ. ಇಂಥ ವಿಸ್ಕಿ ಕೊಳ್ಳುವವರು ತಿಳಿದೇ ಕೊಳ್ಳುವವರು ಎಂದಿತು. ಇಪ್ಪತ್ತೆರಡು ವರ್ಷಗಳ ವ್ಯಾಜ್ಯ ಹೀಗೆ ಮುಗಿಯಿತು.

ನಮ್ಮವರು ಗೆದ್ದರೆಂದು ಹಿಗ್ಗುವ ಮೊದಲು ಮೈಸೂರಿನ ವಿದ್ಯಾರಣ್ಯಪುರಂ ವೃತ್ತದ ಬಳಿ ಒಂದು ಕ್ಷಣ ನಿಲ್ಲಬೇಕು. ಹಿಂದೆ ಪೂರ್ಣಯ್ಯನ ಛತ್ರದಿಂದ ಇಲ್ಲಿಯವರೆಗೆ, ನಂಜನಗೂಡು ರಸ್ತೆಯ ಮಗ್ಗುಲಿಗೆ, ವೀಳ್ಯದೆಲೆಯ ತೋಟಗಳು ಹಬ್ಬಿದ್ದವು. ಇಂದು ಮೈಸೂರು ವೀಳ್ಯದೆಲೆಗೆ ಜಿಐ ನೋಂದಣಿಯ ರಕ್ಷಣೆಯಿದೆ. ಬೇರೆ ಸೀಮೆಯ ಎಲೆಗೆ ಯಾರಾದರೂ ಮೈಸೂರಿನ ಹೆಸರಿಟ್ಟರೆ ನಾವೂ ಸ್ಕಾಟ್ಲೆಂಡಿನವರ ವಾದವನ್ನೇ ಹೂಡುತ್ತೇವೆ.

ನ್ಯಾಯಾಲಯ ಕೊಟ್ಟ ಉತ್ತರ ಕಾಲಕ್ಕೆ ಸಂಬಂಧಿಸಿದ್ದು: ತಡಮಾಡಿದವರು ಹಕ್ಕು ಕಳೆದುಕೊಂಡರು. ಹೆಸರು ನೆಲದ್ದೋ, ಅದನ್ನು ಬೆಳೆಸಿದ ಕೈಗಳದ್ದೋ ಎಂಬ ಪ್ರಶ್ನೆ ಹಾಗೇ ಉಳಿಯಿತು. ವಿದ್ಯಾರಣ್ಯಪುರಂನಲ್ಲಿ ಆ ಪ್ರಶ್ನೆ ಇನ್ನೂ ಚುರುಕಾಗಿದೆ. ಎಲೆಯ ಹೆಸರನ್ನು ಕಾನೂನು ಕಾಯುತ್ತಿದೆ. ತೋಟದ ನೆಲವನ್ನು ಮಾತ್ರ ಬಡಾವಣೆಗಳು ಬಹುಪಾಲು ನುಂಗಿವೆ.