ಬೇಕಲ ಕೋಟೆ ಕಟ್ಟಿದ್ದು ಯಾರು?

ಬದಿಯಡ್ಕ ಕಡೆ ನನ್ನ ಗೆಳೆಯರೊಬ್ಬರ ಅಡಿಕೆ ತೋಟ ಉಂಟು. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಹಳೇ ಮನೆಯ ಎರಡು ಕೋಣೆ ಸರಿಮಾಡಿ ಹೋಂಸ್ಟೇ ಅಂತ ಬೋರ್ಡು ಹಾಕಿದ್ದಾರೆ. ನೀರುದೋಸೆ, ಪತ್ರೊಡೆ, ಹಲಸಿನ ಹಪ್ಪಳದಲ್ಲಿ ಮೊದಲ ದಿನ ಕಳೆಯುತ್ತದೆ. ಎರಡನೇ ದಿನ ಬೆಳಿಗ್ಗೆ ಬಂದವರೆಲ್ಲರದ್ದೂ ಒಂದೇ ಪ್ರಶ್ನೆ: "ಇಲ್ಲಿ ಸುತ್ತಮುತ್ತ ನೋಡೋಕೆ ಏನಿದೆ?" ಆಗ ನನಗೊಂದು ಫೋನು ಬರುತ್ತದೆ. "ಮಾಷ್ಟ್ರೇ, ಹೇಗೂ ಆದಿತ್ಯವಾರ ಅಲ್ವಾ, ಸ್ವಲ್ಪ ಇವರನ್ನು ಕರ್ಕೊಂಡು ಹೋಗ್ತೀರಾ?"

ಎಲ್ಲರಿಗೂ ಬೇಕಾದ್ದು ಬೇಕಲ ಕೋಟೆ. 1995ರ 'ಬಾಂಬೆ' ಸಿನಿಮಾದ ಹಾಡು ಅಲ್ಲಿ ಚಿತ್ರೀಕರಣವಾದದ್ದು ಎಲ್ಲರಿಗೂ ಗೊತ್ತು. ಕೋಟೆ ಕಟ್ಟಿದ್ದು ಯಾರು ಅಂತ ಕೇಳಿದರೆ ಮಾತ್ರ ಹತ್ತರಲ್ಲಿ ಒಂಬತ್ತು ಮಂದಿ "ಟಿಪ್ಪು ಅಲ್ವಾ ಸಾರ್?" ಅನ್ನುತ್ತಾರೆ. ಶಿವಮೊಗ್ಗದಿಂದ ಬಂದ ಒಂದು ಕುಟುಂಬವೂ ಹಾಗೇ ಹೇಳಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಈ ಬರಹ ಆ ಬೇಸರದ ಫಲ.

ನಾನು ಅವರನ್ನು ಮೊದಲು ಕರೆದುಕೊಂಡು ಹೋಗುವುದು ಕೋಟೆಗಲ್ಲ, ಗೆಳೆಯರ ಮನೆಯ ಹಿಂದಿನ ಗುಡ್ಡೆಗೆ. ಅಲ್ಲೊಂದು ಸುರಂಗ ಉಂಟು. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದ ಬಾವಿ ಅಂದುಕೊಳ್ಳಿ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಪಿಕ್ಕಾಸಿನಲ್ಲಿ ಕಡಿಯುತ್ತಾ, ಮಣ್ಣನ್ನು ಹೊರಗೆ ಹೊತ್ತು ಹಾಕುತ್ತಾ, ನೀರಿನ ಒರತೆ ಸಿಗುವವರೆಗೆ ಒಳಗೆ ಹೋಗುವುದು. ಉಸಿರಾಡಲು ಗಾಳಿ ಸಾಕೋ ಇಲ್ಲವೋ ಅಂತ ನೋಡಲು ಮೇಣದ ಬತ್ತಿ ಹಚ್ಚಿಡುತ್ತಾರೆ, ಅದು ನಂದಿದರೆ ಹೊರಗೆ ಬರಬೇಕು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನೇ ಹರಿದು ಬಂದು ತೋಟದ ಕೆರೆ ಸೇರುತ್ತದೆ. ಮುರಕಲ್ಲು ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಈ ಗುಣದಿಂದಲೇ ನಮ್ಮವರಿಗೆ ನೀರೂ ಸಿಕ್ಕಿತು, ಅರಸರಿಗೆ ಕೋಟೆಯೂ ಸಿಕ್ಕಿತು. ಬೇಕಲದ ಗೋಡೆಯೂ ಇದೇ ಕಲ್ಲು ಅಂತ ಇಲ್ಲೇ ಹೇಳಿಟ್ಟರೆ ಮುಂದೆ ನನ್ನ ಕೆಲಸ ಹಗುರ.

ಅಲ್ಲಿಂದ ಕಾಸರಗೋಡು ಪೇಟೆಗೆ ಇಳಿದು ತೆಂಕಕ್ಕೆ ತಿರುಗಿದರೆ ಚಂದ್ರಗಿರಿ ಹೊಳೆಯ ಸೇತುವೆ. ಮೇಲೆ ಘಟ್ಟದ ಕಡೆ ಇದೇ ಹೊಳೆಗೆ ಪಯಸ್ವಿನಿ ಅಂತ ಹೆಸರು. ತುಳುನಾಡಿನ ತೆಂಕಣ ಗಡಿ ಈ ಹೊಳೆಯೇ ಅಂತ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಸೇತುವೆ ದಾಟಿದ ಮೇಲೆ ಎತ್ತರದಲ್ಲಿ ಚಂದ್ರಗಿರಿ ಕೋಟೆ. ಜನ ಕಡಿಮೆ, ಹುಲ್ಲು ಹೆಚ್ಚು, ಆದರೆ ಕೊತ್ತಳದ ಮೇಲೆ ನಿಂತರೆ ಹೊಳೆ ಸಮುದ್ರ ಸೇರುವಲ್ಲಿವರೆಗೆ ಕಾಣುತ್ತದೆ. ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಬೇಕಲ ಇರುವುದು ಕಾಸರಗೋಡಿನಿಂದ ಸುಮಾರು 16 ಕಿ.ಮೀ. ದೂರದಲ್ಲಿ. 40 ಎಕರೆಯ ಕೋಟೆ, ಕೇರಳದಲ್ಲೇ ದೊಡ್ಡದು. ಬಾಗಿಲಲ್ಲೇ ಮುಖ್ಯಪ್ರಾಣನ ಗುಡಿ. ಸಮುದ್ರದ ಕಡೆಯ ಕೊತ್ತಳದಲ್ಲಿ ಗೋಡೆಯ ಕಂಡಿಗಳನ್ನು ಗಮನಿಸಿ. ಮೇಲಿನದು ದೂರದ ಗುರಿಗೆ, ನಡುವಿನದು ಹತ್ತಿರಕ್ಕೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದ ಶತ್ರುವಿಗೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಒಂದೊಂದು ಕಂಡಿಯಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ ಏನು ಕಾಣುತ್ತದೆ ಅಂತ ಹೇಳಿಸುತ್ತೇನೆ. ಪಾಠಪುಸ್ತಕದ ಹತ್ತು ಪುಟಕ್ಕಿಂತ ಇದು ಮೇಲು.

ಇನ್ನು ಕಟ್ಟಿದವರ ವಿಷಯ. 1650ರ ಹೊತ್ತಿಗೆ ಇದನ್ನು ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ. ಅವನು ಆಳಿದ್ದು 1645ರಿಂದ 1660ರವರೆಗೆ, ರಾಜಧಾನಿ ಬಿದನೂರು, ಅಂದರೆ ಇಂದಿನ ಹೊಸನಗರ ತಾಲೂಕಿನ ನಗರ. 'ಶಿಸ್ತು' ಎಂಬ ಕಂದಾಯದ ಲೆಕ್ಕದಿಂದ ಅವನ ಹೆಸರು ಉಳಿದಿದೆ. ಮಲೆನಾಡಿನ ಅರಸನಿಗೆ ಇಷ್ಟು ದೂರದ ಕಡಲ ತೀರದಲ್ಲಿ ಏನು ಕೆಲಸ? ಕರಿಮೆಣಸು, ಅಕ್ಕಿ, ಬಂದರು. ಇತ್ತ ಪೋರ್ಚುಗೀಸರನ್ನು ಕರಾವಳಿಯಿಂದ ಓಡಿಸಬೇಕಿತ್ತು, ಅತ್ತ ತೆಂಕಲ್ಲಿ ಕೋಲತ್ತಿರಿ ಅರಸರ ಸೀಮೆ. ಕುಂಬಳೆ, ಕಾಸರಗೋಡು, ಚಂದ್ರಗಿರಿ, ಬೇಕಲ, ಹೊಸದುರ್ಗ ಎಂದು ಕೋಟೆಗಳು ಸಾಲಾಗಿ ನಿಂತಿರುವುದು ಅದಕ್ಕೇ. ಇವು ಗಡಿಯ ಕೋಟೆಗಳು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಈ ತೀರವೂ ಅವನದಾಯಿತು. 1766ರಲ್ಲಿ ಮಲಬಾರಿನ ಮೇಲೆ ದಂಡು ಹೋದದ್ದು ಇದೇ ದಾರಿಯಲ್ಲಿ. ಆಮೇಲೆ ಟಿಪ್ಪು. 1792ರ ಒಪ್ಪಂದದಲ್ಲಿ ಮಲಬಾರು ಕಂಪೆನಿಯ ಪಾಲಾಯಿತು, ಕೆನರಾ ಟಿಪ್ಪುವಿನಲ್ಲೇ ಉಳಿಯಿತು. ಅಂದರೆ ಮತ್ತೆ ಏಳು ವರ್ಷ ಬೇಕಲ ಗಡಿಯ ಕೋಟೆ. ಟಿಪ್ಪು ಇಲ್ಲಿ ಇರಲೇ ಇಲ್ಲ ಅಂತ ಹೇಳುವವನು ನಾನಲ್ಲ, ಇದ್ದ, ಕೋಟೆಗೆ ಅವನಿಂದ ಮಹತ್ವವೂ ಬಂತು. ಕಟ್ಟಿದವನು ಅವನಲ್ಲ ಅಂತ ಮಾತ್ರ ನನ್ನ ತಕರಾರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಬ್ರಿಟಿಷರದ್ದಾಗಿ ಬೇಕಲ ತಾಲೂಕು ಕೇಂದ್ರವಾಯಿತು. ಮುಂದೆ ಆ ತಾಲೂಕು ಹೋಗಿ ಕಾಸರಗೋಡು ತಾಲೂಕು ಬಂತು, ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತುದಿಯಾಗಿ. ಆಗಲೂ ಮಲಬಾರ್ ಜಿಲ್ಲೆಯ ಗಡಿ ಹೊಸದುರ್ಗದ ಆಚೆಯೇ.

1956 ನವೆಂಬರ್ 1ರಂದು ಗಡಿ ತಲಪಾಡಿಗೆ ಹೋಯಿತು. ಕೋಟೆ ಇದ್ದಲ್ಲೇ ಇತ್ತು, ಕಾಯಬೇಕಾದ ಗಡಿಯೇ ಕೋಟೆಯ ಬೆನ್ನ ಹಿಂದೆ ಬಡಗಕ್ಕೆ ಸರಿಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕು ಅಂತ ಶಿಫಾರಸು ಮಾಡಿತು, ಜಾರಿಯಾಗಲಿಲ್ಲ. ಜಾರಿಯಾಗಿದ್ದರೂ ಬೇಕಲ ಕೇರಳದಲ್ಲೇ ಉಳಿಯುತ್ತಿತ್ತು, ಹೊಳೆಯ ತೆಂಕಲ್ಲಿ ಉಂಟಲ್ಲ! ಇದನ್ನು ಹೇಳಿದಾಗ ಬೆಂಗಳೂರಿನ ಉತ್ಸಾಹಿಗಳು ಸ್ವಲ್ಪ ಸಪ್ಪಗಾಗುತ್ತಾರೆ. ಏನು ಮಾಡುವುದು, ಇತಿಹಾಸ ನಮಗೆ ಬೇಕಾದ ಹಾಗೆ ಇರುವುದಿಲ್ಲ.

ಆದರೆ ಕೋಟೆಯ ಜೊತೆ ಬಂದ ಜನ ಹೋಗಲಿಲ್ಲ ನೋಡಿ. ಕೋಟೆ ಕಾಯಲು ಕೆಳದಿ ಅರಸರು ಕರೆಸಿದ ರಾಮಕ್ಷತ್ರಿಯರು, ಊರ ಮಾತಿನಲ್ಲಿ ಕೋಟೆಯವರು, ಈಗಲೂ ಕಾಸರಗೋಡು, ಬೇಕಲ, ಹೊಸದುರ್ಗದಲ್ಲಿ ಇದ್ದಾರೆ. ಅವರ ಮನೆಮಾತು ಕನ್ನಡ. ಹೊಳೆಯ ತೆಂಕಲ್ಲಿ, ಸುತ್ತ ಮಲಯಾಳಂ ಆಡುವ ಊರಲ್ಲಿ, ಮೂರು ತಲೆಮಾರಲ್ಲ, ಮೂರು ಶತಮಾನ! ಕಾಞಂಗಾಡಿನ ತಾಲೂಕಿಗೂ ಹೊಸದುರ್ಗ ಅನ್ನುವ ಕನ್ನಡದ ಹೆಸರೇ ನಿಂತಿದೆ, ಮಲಯಾಳದಲ್ಲಿ ಅದನ್ನೇ ಪುದಿಯಕೋಟ್ಟ ಅನ್ನುವುದೂ ಉಂಟು.

ಹಿಂತಿರುಗುವಾಗ ಹೊತ್ತಿದ್ದರೆ ಕುಂಬಳೆ ಬಳಿಯ ಅನಂತಪುರದ ಕೆರೆ ದೇವಸ್ಥಾನಕ್ಕೆ ಹೋಗಬಹುದು. ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು.

ಕಳೆದ ಸಲ ಶಾಲಾ ಮಕ್ಕಳ ಜೊತೆ ಬೇಕಲಕ್ಕೆ ಹೋಗಿದ್ದೆ. ನನ್ನ ಕ್ಲಾಸಿನಲ್ಲಿ ಮನೆಮಾತು ತುಳು, ಮಲಯಾಳಂ, ಹವ್ಯಕ, ಮರಾಟಿ, ಕೊಂಕಣಿ ಎಲ್ಲ ಉಂಟು. ಕೊತ್ತಳದ ಮೇಲೆ ನಿಂತು ಏಳನೇ ಕ್ಲಾಸಿನ ಹುಡುಗಿಯೊಬ್ಬಳು, ಮನೆಯಲ್ಲಿ ಮಲಯಾಳಂ ಆಡುವವಳು, ಕೇಳಿದಳು: "ಮಾಷ್ಟ್ರೇ, ಶಿವಪ್ಪ ನಾಯಕ ನಮ್ಮ ರಾಜನಾ, ಅವರ ರಾಜನಾ?" ಅವರ ಅಂದರೆ ಯಾರದ್ದು ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಆಲೋಚಿಸಿ, "ಹಾಗಾದ್ರೆ ಈ ಕಲ್ಲು ಕಡಿದವರು ಯಾರು?" ಅಂದಳು. ಈ ಊರಿನವರು ಅಂದೆ. ಅಷ್ಟರಲ್ಲಿ ಬಸ್ಸಿನವ ಹೋರ್ನ್ ಹಾಕಿದ.