ಬೂದಿಯ ಖರ್ಚು ಯಾರ ಖಾತೆಗೆ?

ಕಟ್ಟಡದ ಕೆಲಸ ನಡೀತಿರೋ ಕಡೆ ಬೂದು ಬಣ್ಣದ ಇಟ್ಟಿಗೆ ರಾಶಿ ನೋಡೇ ಇರ್ತೀರಿ. ಅದು ಹಾರುಬೂದಿ ಇಟ್ಟಿಗೆ, ಅಂದ್ರೆ ಫ್ಲೈ ಆ್ಯಶ್ ಬ್ರಿಕ್. ಹೊಸ ಟೆಕ್ನಾಲಜಿ ಅಂತ ಅನ್ನಿಸುತ್ತೆ, ಆದ್ರೆ ಇದರ ಉಪಾಯ ಎರಡು ಸಾವಿರ ವರ್ಷ ಹಳೇದು. ಇಟಲಿಯ ಪೊಜ್ಜುವೊಲಿ ಸುತ್ತ ಸಿಗೋ ಜ್ವಾಲಾಮುಖಿ ಬೂದಿಗೆ ಸುಣ್ಣ ಬೆರೆಸಿ ರೋಮನ್ನರು ಬಂದರು ಕಟ್ಟೆಗಳನ್ನೇ ಕಟ್ಟಿದ್ರು. ಬೂದಿಯ ಸಿಲಿಕಾ, ಸುಣ್ಣ, ನೀರು ಸೇರಿದ್ರೆ ನಿಧಾನಕ್ಕೆ ಕಲ್ಲಿನಂತೆ ಗಟ್ಟಿಯಾಗುತ್ತೆ. ಹಾರುಬೂದಿಯಲ್ಲೂ ಆಗೋದು ಇದೇ. ಹಾಗಾಗಿ ಭಟ್ಟಿಯಲ್ಲಿ ಸುಡೋದು ಬೇಡ. ಅಚ್ಚು ಒತ್ತಿ, ನೀರು ಹಾಕಿ ಕ್ಯೂರಿಂಗ್ ಮಾಡಿದ್ರೆ ಸಾಕು.

ಮತ್ತೆ ನಮ್ಮಲ್ಲಿ ಇಷ್ಟು ತಡವಾಗಿ ಯಾಕೆ ಬಂತು? ಕಾಮರ್ಸ್ ಓದಿದ ನನಗೆ ಉತ್ತರ ಕಾಣೋದು ಲೆಕ್ಕದ ಪುಸ್ತಕದಲ್ಲಿ.

ನಮ್ಮ ದೇಶದ ಕಲ್ಲಿದ್ದಲು 100 ಕೆಜಿ ಸುಟ್ರೆ ಸುಮಾರು 30ರಿಂದ 40 ಕೆಜಿ ಬೂದಿ ಉಳಿಯುತ್ತೆ. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಶುರುವಾಯ್ತು. ಈಗ 8 ಘಟಕ, 1,720 ಮೆಗಾವ್ಯಾಟ್. ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತೆ. ಬಳಕೆಯಾಗದ ಬೂದಿ ಅಲ್ಲೇ ಹೊಂಡ ಸೇರುತ್ತೆ, ಬೇಸಿಗೆ ಗಾಳಿಗೆ ಹಾರುತ್ತೆ. ಆ ಧೂಳು ಕುಡಿಯೋರ ಖರ್ಚು ನಮ್ಮ ಕರೆಂಟ್ ಬಿಲ್‌ನಲ್ಲಿ ಇರಲ್ಲ. ಇತ್ತ ಕೆಂಪು ಇಟ್ಟಿಗೆಗೆ ಹೊಲದ ಮೇಲ್ಮಣ್ಣು ಹೋಗುತ್ತೆ. ಆ ಮಣ್ಣು ಮತ್ತೆ ಆಗೋಕೆ ನೂರಾರು ವರ್ಷ ಬೇಕು. ಇಟ್ಟಿಗೆ ರೇಟಿನಲ್ಲಿ ಅದೂ ಇಲ್ಲ. ಎರಡೂ ಖರ್ಚು ಲೆಕ್ಕಕ್ಕೇ ಬರದಿದ್ರೆ ಬೂದಿ ಇಟ್ಟಿಗೆ ಯಾರಿಗೆ ಬೇಕು?

1999ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಧಿಸೂಚನೆ ಹೊರಡಿಸ್ತು. ಸ್ಥಾವರದ 50 ಕಿಲೋಮೀಟರ್ ಒಳಗಿನ ಭಟ್ಟಿಗಳು ಮಣ್ಣಿನ ಇಟ್ಟಿಗೆಗೆ ಕನಿಷ್ಠ ಶೇ 25 ಬೂದಿ ಬೆರೆಸಬೇಕು. ಸ್ಥಾವರಗಳು ಕನಿಷ್ಠ 10 ವರ್ಷ ಬೂದಿಯನ್ನ ಪುಕ್ಕಟೆ ಕೊಡಬೇಕು. 2003ರಲ್ಲಿ ವ್ಯಾಪ್ತಿ 100 ಕಿಲೋಮೀಟರ್ ಆಯ್ತು. 2021ರ ಡಿಸೆಂಬರ್‌ನ ಅಧಿಸೂಚನೆ ಇನ್ನೂ ಬಿಗಿ: ಗುರಿಯಷ್ಟು ಬೂದಿ ಬಳಕೆಯಾಗದಿದ್ರೆ ಉಳಿದ ಪ್ರತಿ ಟನ್ನಿಗೆ ಸ್ಥಾವರವೇ 1,000 ರೂಪಾಯಿ ಪರಿಹಾರ ಕಟ್ಟಬೇಕು. ಊರಿನವರ ಎದೆಯಲ್ಲಿದ್ದ ಖರ್ಚು ಕೊನೆಗೆ ಕಾಗದದ ಮೇಲಾದ್ರೂ ಸ್ಥಾವರದ ಖಾತೆಗೆ ಬಂತು.

ಹಾಗಂತ ಇದಕ್ಕೆ ಕಣ್ಣುಮುಚ್ಚಿ 'ಗ್ರೀನ್' ಅನ್ನೋಕಾಗಲ್ಲ. ಈಗಾಗಲೇ ಬಿದ್ದಿರೋ ಬೂದಿಗೆ ಇಟ್ಟಿಗೆ ಒಳ್ಳೇ ದಾರಿ. ಆದ್ರೆ ಇಟ್ಟಿಗೆ ಆಗುತ್ತಲ್ಲ ಅಂತ ಇನ್ನಷ್ಟು ಕಲ್ಲಿದ್ದಲು ಸುಟ್ರೆ, ಲೆಕ್ಕ ಮತ್ತೆ ಶಕ್ತಿನಗರದಂಥ ಊರುಗಳ ತಲೆಮೇಲೇ ಬೀಳುತ್ತೆ. ನಿಮ್ಮೂರಲ್ಲಿ ಮನೆ ಕಟ್ಟೋರಿದ್ರೆ ಇಟ್ಟಿಗೆ ರೇಟ್ ಜೊತೆಗೆ ಬೂದಿ ಎಲ್ಲಿಂದ ಬಂತು ಅಂತಾನೂ ಕೇಳೋಕೆ ಹೇಳಿ.