ಹೆಸರುಗಳ ಸಾಲಿನ ಹಿಂದೆ: ಹೀಬ್ರೂ ಶಾಸ್ತ್ರಗಳ ವಂಶಾವಳಿಗಳು

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ಕಾಲದಲ್ಲಿ ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಒಬ್ಬ ಕ್ರೈಸ್ತ ಸಹೋದ್ಯೋಗಿಯಿದ್ದರು. ಅವರ ಮನೆಯಲ್ಲಿ ಪ್ರತಿ ಸಂಜೆ ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದುವ ಪದ್ಧತಿಯಿತ್ತಂತೆ. 'ಪೂರ್ವಕಾಲವೃತ್ತಾಂತ'ದ ಮೊದಲ ಒಂಬತ್ತು ಅಧ್ಯಾಯಗಳು ಬಂದಾಗ ಮಕ್ಕಳಿಗೆ ತೂಕಡಿಕೆ. ಇಂಥವನು ಇಂಥವನ ಮಗ, ಅವನು ಮತ್ತೊಬ್ಬನ ಮಗ ಎಂದು ಹೆಸರುಗಳ ಸಾಲು ಮುಗಿಯುವುದೇ ಇಲ್ಲ. ಆದರೂ ಅವರ ತಂದೆ ಒಂದು ಹೆಸರನ್ನೂ ಬಿಡಗೊಡುತ್ತಿರಲಿಲ್ಲ. "ಯಾಕೆ ಬಿಡಬಾರದೆಂದು ನನಗೆ ಇಂದಿಗೂ ತಿಳಿದಿಲ್ಲ, ನೀವು ಇತಿಹಾಸದ ಮೇಷ್ಟ್ರು, ನೀವೇ ಹೇಳಿ" ಎಂದು ಅವರು ನಗುತ್ತಾ ಕೇಳಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ನಿವೃತ್ತಿಯ ನಂತರ ಓದಲು ಬಿಡುವು ದೊರೆತ ಮೇಲೆ ಕಂಡುಕೊಂಡ ಕೆಲವು ಸಂಗತಿಗಳನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳುತ್ತಿದ್ದೇನೆ.

ವಂಶಾವಳಿ ಎಂದರೆ ನಮಗೆ ತೀರ ಅಪರಿಚಿತವಾದುದೇನಲ್ಲ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತಾ ಊರಿಗೆ ಬರುತ್ತಿದ್ದ ಹೆಳವರು ಒಂದೊಂದು ಮನೆತನದ ಹಿರಿಯರ ಹೆಸರುಗಳನ್ನು ನಿರರ್ಗಳವಾಗಿ ಹೇಳಿ ಕಾಳು ಪಡೆದು ಹೋಗುತ್ತಿದ್ದುದನ್ನು ನನ್ನ ವಯಸ್ಸಿನವರು ಬಲ್ಲರು. ಇಸ್ರಾಯೇಲ್ಯರ ಶಾಸ್ತ್ರಗಳಲ್ಲಿ ಈ ಕೆಲಸವನ್ನು ಗ್ರಂಥವೇ ಮಾಡುತ್ತದೆ. ಯಾಕೋಬನ ಹನ್ನೆರಡು ಮಕ್ಕಳಿಂದ ಹನ್ನೆರಡು ಕುಲಗಳು, ಕುಲಗಳಿಂದ ಗೋತ್ರಗಳು, ಗೋತ್ರಗಳಿಂದ ಮನೆತನಗಳು. 'ಅರಣ್ಯಕಾಂಡ'ದ ಮೊದಲ ಅಧ್ಯಾಯದ ಜನಗಣತಿಯಲ್ಲಿ ಯುದ್ಧಯೋಗ್ಯರಾದ ಗಂಡಸರ ಒಟ್ಟು ಸಂಖ್ಯೆ 6,03,550. ಇಪ್ಪತ್ತಾರನೆಯ ಅಧ್ಯಾಯದ ಎರಡನೆಯ ಗಣತಿಯಲ್ಲಿ 6,01,730. ಈ ಸಂಖ್ಯೆಗಳು ಅಕ್ಷರಶಃ ಸಾಧ್ಯವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಗಣತಿಯ ಉದ್ದೇಶವನ್ನು ಗ್ರಂಥವೇ ಹೇಳುತ್ತದೆ: ಭೂಮಿಯನ್ನು ಈ ಹೆಸರುಗಳ ಪ್ರಕಾರ ಹಂಚಬೇಕು. ಪಟ್ಟಿಯಲ್ಲಿ ಹೆಸರಿದ್ದವನಿಗೆ ಹೊಲವಿದೆ, ಇಲ್ಲದವನಿಗೆ ಇಲ್ಲ.

ಇದೇ ಸಂದರ್ಭದಲ್ಲಿ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ಬಂದು ನಿಲ್ಲುತ್ತಾರೆ. ಮನಸ್ಸೆ ಕುಲದ ಚಲ್ಪಹಾದನ ಮಕ್ಕಳಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ತಂದೆ ತೀರಿಕೊಂಡಿದ್ದಾನೆ, ಗಂಡುಮಕ್ಕಳಿಲ್ಲ. ಅಷ್ಟಕ್ಕೆ ನಮ್ಮ ತಂದೆಯ ಹೆಸರು ಅವನ ಗೋತ್ರದಿಂದ ಅಳಿದುಹೋಗಬೇಕೇ ಎಂಬುದು ಅವರ ಪ್ರಶ್ನೆ. ಅವರ ಮಾತು ನ್ಯಾಯವಾದುದೆಂದು ತೀರ್ಪಾಗುತ್ತದೆ. ಅವರಿಗೆ ಸ್ವಾಸ್ತ್ಯ ದೊರೆಯುತ್ತದೆ. ಭೂಮಿ ಬೇರೆ ಕುಲದ ಪಾಲಾಗದಂತೆ ಅವರು ತಮ್ಮ ಕುಲದಲ್ಲಿಯೇ ಮದುವೆಯಾಗಬೇಕೆಂಬ ನಿಯಮವೂ ಮುಂದೆ ಸೇರುತ್ತದೆ.

ಈ ಕಥೆಗೆ ಒಂದು ವಿಸ್ಮಯಕರವಾದ ಉತ್ತರಾರ್ಧವಿದೆ. 1910ರಲ್ಲಿ ಉತ್ತರ ಇಸ್ರಾಯೇಲ್ ರಾಜ್ಯದ ರಾಜಧಾನಿಯಾಗಿದ್ದ ಸಮಾರ್ಯದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಉತ್ಖನನ ನಡೆಸುತ್ತಿದ್ದಾಗ ಶಾಯಿಯಲ್ಲಿ ಬರೆದ ಮಡಕೆಯ ಚೂರುಗಳು ದೊರೆತವು. ಕ್ರಿ.ಪೂ. 8ನೆಯ ಶತಮಾನಕ್ಕೆ ಸೇರಿದ ಇವು ಯಾವ ಊರು, ಯಾವ ಗೋತ್ರದಿಂದ ಎಷ್ಟು ದ್ರಾಕ್ಷಾರಸ, ಎಷ್ಟು ಎಣ್ಣೆ ಬಂದಿತೆಂಬ ಲೆಕ್ಕದ ಚೀಟಿಗಳು. ಅವುಗಳಲ್ಲಿ ಅಬೀಯೆಜೆರ್, ಹೇಲೆಕ್, ಅಸ್ರಿಯೇಲ್, ಶೆಕೆಮ್, ಶೆಮೀದ ಎಂಬ ಪ್ರದೇಶಗಳ ಹೆಸರುಗಳಿವೆ. ಇವೆಲ್ಲ ಶಾಸ್ತ್ರದಲ್ಲಿ ಮನಸ್ಸೆಯ ಸಂತಾನದವರೆಂದು ಬರುವ ಹೆಸರುಗಳು. ಅಷ್ಟೇ ಅಲ್ಲ, ನೋವಾ ಮತ್ತು ಹೊಗ್ಲಾ ಎಂಬ ಇಬ್ಬರು ಸಹೋದರಿಯರ ಹೆಸರುಗಳೂ ಅಲ್ಲಿ ಪ್ರದೇಶಗಳ ಹೆಸರಾಗಿಯೇ ಇವೆ. ಇನ್ನೊಬ್ಬ ಸಹೋದರಿಯ ಹೆಸರಿನ ತಿರ್ಚಾ ಪಟ್ಟಣವಂತೂ ಸಮಾರ್ಯಕ್ಕಿಂತ ಮೊದಲು ಆ ರಾಜ್ಯದ ರಾಜಧಾನಿಯೇ ಆಗಿತ್ತು.

ಇದರಿಂದ ಏನು ತಿಳಿಯುತ್ತದೆ? ಆ ಕಾಲದಲ್ಲಿ 'ಮಗ', 'ಮಗಳು' ಎಂಬ ಶಬ್ದಗಳು ರಕ್ತಸಂಬಂಧವನ್ನು ಹೇಳುವುದರ ಜೊತೆಗೆ ಊರು ಊರುಗಳ, ಗೋತ್ರ ಗೋತ್ರಗಳ ನಂಟನ್ನೂ ಹೇಳುತ್ತಿದ್ದವು. ವಂಶಾವಳಿಯು ಒಂದು ರೀತಿಯಲ್ಲಿ ನಕ್ಷೆಯೂ ಹೌದು, ಒಡಂಬಡಿಕೆಯೂ ಹೌದು. ಆಫ್ರಿಕದ ನೈಜೀರಿಯಾದಲ್ಲಿ ತಿವ್ ಎಂಬ ಜನಾಂಗವನ್ನು ಅಧ್ಯಯನ ಮಾಡಿದ ಲಾರಾ ಬೊಹಾನನ್ ಅವರು 1952ರಲ್ಲಿ ಪ್ರಕಟಿಸಿದ ಲೇಖನವೊಂದು ಇದಕ್ಕೆ ಬೆಳಕು ಚೆಲ್ಲುತ್ತದೆ. ತಿವ್ ಜನರ ವಂಶಾವಳಿಗಳು ಬಾಯಿಂದ ಬಾಯಿಗೆ ಹೋಗುವಾಗ ಅಂದಂದಿನ ಸಂಬಂಧಗಳಿಗೆ ತಕ್ಕಂತೆ ಸದ್ದಿಲ್ಲದೆ ಬದಲಾಗುತ್ತಿದ್ದವು. ಹಿಂದೆ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟ ಪಟ್ಟಿಗಳನ್ನು ತೋರಿಸಿದರೆ, ತಪ್ಪಾಗಿರುವುದು ಆ ಬರಹವೇ ಎಂದು ಹೊಸ ತಲೆಮಾರಿನವರು ವಾದಿಸುತ್ತಿದ್ದರಂತೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಯಾರು ಯಾರಿಗೆ ಬಂಧು ಎಂಬ ಇಂದಿನ ಸತ್ಯವನ್ನು ಹೇಳುತ್ತಿದ್ದರು.

ಹೀಬ್ರೂ ಶಾಸ್ತ್ರದಲ್ಲಿಯೂ ಇಂತಹ ಗುರುತುಗಳಿವೆ. 'ಅರಣ್ಯಕಾಂಡ'ದಲ್ಲಿ ಕಾಲೇಬನು ಕೆನಿಜ್ಜೀಯ ಎಂಬ ಹೊರಗಿನ ಗುಂಪಿನವನು. 'ಪೂರ್ವಕಾಲವೃತ್ತಾಂತ'ದಲ್ಲಿ ಕಾಲೇಬನೆಂಬ ಹೆಸರು ಯೆಹೂದ ಕುಲದ ನಡುಮನೆಯಲ್ಲಿಯೇ ಕುಳಿತಿದೆ. ಸಮುವೇಲನ ಮನೆತನವು ಒಂದೆಡೆ ಎಫ್ರಾಯೀಮ್ ಬೆಟ್ಟದ ಸೀಮೆಯದು, ಇನ್ನೊಂದೆಡೆ ಲೇವಿಯ ಕುಲದ್ದು. ಗಂಡುಮಕ್ಕಳಿಲ್ಲದ ಶೇಷಾನನು ತನ್ನ ಮಗಳನ್ನು ಯರ್ಹನೆಂಬ ಐಗುಪ್ತದ ಸೇವಕನಿಗೆ ಮದುವೆ ಮಾಡಿಕೊಟ್ಟ ಪ್ರಸಂಗವಿದೆ. ಆ ಮದುವೆಯಿಂದ ಬೆಳೆದ ಹದಿಮೂರು ತಲೆಮಾರುಗಳನ್ನು ಗ್ರಂಥಕರ್ತನು ಯಾವ ಸಂಕೋಚವೂ ಇಲ್ಲದೆ ಯೆಹೂದ ಕುಲದಲ್ಲಿ ಎಣಿಸುತ್ತಾನೆ. ಹಾಗೆಯೇ ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ಸಭೆಗೆ ಸೇರಬಾರದೆಂದು 'ಧರ್ಮೋಪದೇಶಕಾಂಡ'ದ 23ನೆಯ ಅಧ್ಯಾಯ ವಿಧಿಸುತ್ತದೆ. ಆದರೆ 'ರೂತಳು' ಎಂಬ ಪುಸ್ತಕ ಮುಗಿಯುವುದೇ ಒಂದು ವಂಶಾವಳಿಯಿಂದ. ಪೆರೆಚನಿಂದ ದಾವೀದನವರೆಗೆ ಹತ್ತು ಹೆಸರುಗಳು, ದಾವೀದ ಮಹಾರಾಜನ ಮುತ್ತಜ್ಜಿಯೇ ಮೋವಾಬಿನ ಹೆಣ್ಣುಮಗಳು!

ಇಷ್ಟಾದರೂ ಈ ಪಟ್ಟಿಗಳ ಕಠೋರವಾದ ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರರು ಸಮಾರ್ಯವನ್ನು ಗೆದ್ದರು. 27,290 ಜನರನ್ನು ಅಲ್ಲಿಂದ ಒಯ್ದೆನೆಂದು ಎರಡನೆಯ ಸರ್ಗೋನನ ಶಾಸನ ಹೇಳಿಕೊಳ್ಳುತ್ತದೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟರು. ಮುಂದೆ ಪಾರಸಿಯ ಅರಸ ಕೋರೆಷನು ಬಾಬೆಲನ್ನು ಗೆದ್ದು, ಕ್ರಿ.ಪೂ. 538ರಲ್ಲಿ ಅಪ್ಪಣೆಯಿತ್ತ ಮೇಲೆ ಸೆರೆಯವರು ಹಿಂದಿರುಗತೊಡಗಿದರು. ಹಾಗೆ ಬಂದವರ ಪಟ್ಟಿ 'ಎಜ್ರ'ನ ಎರಡನೆಯ ಅಧ್ಯಾಯದಲ್ಲಿದೆ. ಅದರ ಕೊನೆಯ ಭಾಗದಲ್ಲಿ 652 ಜನರಿದ್ದಾರೆ. ತಾವು ಇಸ್ರಾಯೇಲ್ಯರೇ ಎಂಬುದನ್ನು ತೋರಿಸಲು ಅವರಲ್ಲಿ ದಾಖಲೆಯಿಲ್ಲ. ಹಬಾಯ, ಹಕ್ಕೋಚ್, ಬರ್ಜಿಲ್ಲೈ ಎಂಬ ಮೂರು ಯಾಜಕ ಮನೆತನದವರೂ ತಮ್ಮ ಹೆಸರನ್ನು ಹುಡುಕುತ್ತಾರೆ; ಅದು ಸಿಗುವುದಿಲ್ಲ; ಅಶುದ್ಧರೆಂದು ಯಾಜಕತ್ವದಿಂದ ಅವರನ್ನು ಹೊರಗಿಡಲಾಗುತ್ತದೆ.

ಈ ವಾಕ್ಯವನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಂದು ಜೂನ್ ತಿಂಗಳಲ್ಲಿ ಅಜ್ಜಿಯ ಕೈ ಹಿಡಿದು ಶಾಲೆಗೆ ಸೇರಲು ಬಂದಿದ್ದ ಬಾಲಕನೊಬ್ಬ ನೆನಪಾದ. ಪ್ರವೇಶದ ವಹಿ ಬರೆಯುವ ಕೆಲಸ ಆ ವರ್ಷ ನನ್ನದಾಗಿತ್ತು. 'ತಂದೆಯ ಹೆಸರು' ಎಂಬ ಅಂಕಣದಲ್ಲಿ ಬರೆಯಲು ಅಜ್ಜಿಯ ಬಳಿ ಹೆಸರಿರಲಿಲ್ಲ. ಆಕೆ ನೆಲ ನೋಡುತ್ತಾ ನಿಂತಳು. ನಾನು ಲೇಖನಿಯನ್ನು ಕೈಯಲ್ಲಿ ಹಿಡಿದೇ, ಎಲ್ಲರ ಎದುರಿಗೆ, ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿದೆ. ಕೊನೆಗೆ ಹುಡುಗನೇ "ಅಜ್ಜಿ ಹೆಸರು ಬರೀರಿ ಸಾರ್" ಎಂದ. ಹಾಗೆಯೇ ಬರೆದೆ, ಅವನು ಶಾಲೆಗೆ ಸೇರಿದ. ಆದರೆ ಮೂರು ಸಲ ಕೇಳಿದ ತಪ್ಪು ನನ್ನದು, ಅದು ಈಗಲೂ ಚುಚ್ಚುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದೆ ನಿಲ್ಲುವುದೆಂದರೇನು ಎಂಬುದನ್ನು ನನಗೆ ಕಲಿಸಿದವನು ಆ ಹುಡುಗ.

'ಎಜ್ರ'ನ ಆ ಪುಟವೂ ಬಾಗಿಲನ್ನು ಪೂರ್ತಿಯಾಗಿ ಮುಚ್ಚುವುದಿಲ್ಲ. ದೇವರ ಚಿತ್ತವನ್ನು ತಿಳಿಸುವ ಊರೀಮ್ ತುಮ್ಮೀಮ್‌ಗಳನ್ನು ಹೊಂದಿರುವ ಯಾಜಕನೊಬ್ಬ ಬರುವವರೆಗೆ ಮಹಾಪರಿಶುದ್ಧವಾದುದನ್ನು ಇವರು ಉಣ್ಣಬಾರದೆಂದಷ್ಟೇ ಅಧಿಪತಿ ಹೇಳುತ್ತಾನೆ. ಅಂತಿಮ ತೀರ್ಪು ಮನುಷ್ಯನ ವಹಿಯಲ್ಲಿಲ್ಲವೆಂಬ ಒಪ್ಪಿಗೆ ಇದರಲ್ಲಿದೆ. ಮುಂದೆ ಯೆರೂಸಲೇಮಿನ ಗೋಡೆ ಕಟ್ಟುವವರ ಪಟ್ಟಿಯನ್ನು 'ನೆಹೆಮೀಯ'ನ ಮೂರನೆಯ ಅಧ್ಯಾಯ ಕೊಡುವಾಗ ಹಕ್ಕೋಚನ ಮೊಮ್ಮಗ ಮೆರೇಮೋತ್ ಎಂಬುವನ ಹೆಸರು ಎರಡು ಸಲ ಬರುತ್ತದೆ. 'ಎಜ್ರ'ನ ಎಂಟನೆಯ ಅಧ್ಯಾಯದಲ್ಲಿ ಯಾಜಕನಾದ ಊರೀಯನ ಮಗ ಮೆರೇಮೋತನ ಕೈಗೆ ದೇವಾಲಯದ ಬೆಳ್ಳಿಬಂಗಾರಗಳನ್ನು ತೂಗಿ ಒಪ್ಪಿಸುತ್ತಾರೆ. ಇಬ್ಬರೂ ಒಬ್ಬನೇ ಆಗಿದ್ದರೆ, ಆ ಮನೆತನಕ್ಕೆ ಮರ್ಯಾದೆ ಮರಳಿ ದೊರೆಯಿತೆಂದೇ ಅರ್ಥ. ಹಾಗೆಂದು ಭಾವಿಸುವ ವಿದ್ವಾಂಸರಿದ್ದಾರೆ. ನನಗೂ ಹಾಗೆ ನಂಬಲು ಇಷ್ಟ.

ಹಾಗಾದರೆ 'ಪೂರ್ವಕಾಲವೃತ್ತಾಂತ'ದ ಕರ್ತೃ ಒಂಬತ್ತು ಅಧ್ಯಾಯಗಳಷ್ಟು ಹೆಸರುಗಳನ್ನು ಏಕೆ ಬರೆದ? ಅವನು ಬರೆದುದು ಸೆರೆಯಿಂದ ಮರಳಿದ ಬಳಿಕ, ಬಹುಶಃ ಕ್ರಿ.ಪೂ. 4ನೆಯ ಶತಮಾನದಲ್ಲಿ. ಆಗ ಉಳಿದಿದ್ದುದು ಪಾರಸಿಯರ ಅಧೀನದ ಒಂದು ಚಿಕ್ಕ ಪ್ರಾಂತ, ಅರಸನಿಲ್ಲ, ಸೈನ್ಯವಿಲ್ಲ. ಉತ್ತರದ ಕುಲಗಳು ಚದುರಿಹೋಗಿ ಶತಮಾನಗಳೇ ಕಳೆದಿದ್ದವು. ಆದರೂ ಅವನು ರೂಬೇನ್, ಗಾದ್, ಆಶೇರ್ ಎಂದು ಅವರನ್ನೂ ಕರೆಯುತ್ತಾನೆ. ಲೇವಿಯ ಕುಲಕ್ಕೆ 81 ವಚನಗಳು. ನಫ್ತಾಲಿಗೆ ದೊರೆತುದು ಒಂದೇ ವಚನ. ಮೊದಲ ಗಣತಿಯಲ್ಲಿ 62,700 ಜನರಿದ್ದ ದಾನ್ ಕುಲಕ್ಕೂ ಜೆಬುಲೂನ್ ಕುಲಕ್ಕೂ ಪ್ರತ್ಯೇಕ ವಂಶಾವಳಿಯೇ ಇಲ್ಲ. ಆದರೆ ಎರಡನೆಯ ಅಧ್ಯಾಯದ ಆರಂಭದಲ್ಲಿ ಹನ್ನೆರಡು ಹೆಸರುಗಳೂ ಇವೆ. ಮನೆ ಬಿಟ್ಟುಹೋದ ಮಗನ ಹೆಸರನ್ನು ಪಡಿತರ ಚೀಟಿಯಿಂದ ತೆಗೆಸಲು ಒಪ್ಪದ ತಾಯಿಯಂತೆ ಅವನು ನಡೆದುಕೊಳ್ಳುತ್ತಾನೆ. ಈ ಎಲ್ಲ ಕುಲಗಳಿಗಿಂತ ಮೊದಲು, ಗ್ರಂಥದ ಪ್ರಪ್ರಥಮ ಶಬ್ದವೇ 'ಆದಾಮ' ಎಂಬುದನ್ನು ಗಮನಿಸಬೇಕು.

ನಂಬುವವರಿಗೆ ಇದರ ಅರ್ಥ ಇಂದಿಗೂ ಜೀವಂತವಾಗಿದೆ. ಯೆಹೂದ್ಯರಲ್ಲಿ ಯಾಜಕ ಮನೆತನ, ಲೇವಿಯ ಮನೆತನ ಎಂಬ ಭೇದ ತಂದೆಯಿಂದ ಮಗನಿಗೆ ಬರುವುದು ನಿಂತಿಲ್ಲ. ಅದರ ಜೊತೆಗೇ, ಹೊರಗಿನಿಂದ ಬಂದು ಆ ಧರ್ಮವನ್ನು ಸ್ವೀಕರಿಸಿದವರನ್ನು ಅಬ್ರಹಾಮನ ಮಗನೆಂದು ಕರೆಯುವ ಪದ್ಧತಿಯೂ ಇದೆ. 12ನೆಯ ಶತಮಾನದಲ್ಲಿ ಓಬದ್ಯನೆಂಬ ಮತಾಂತರಿಯೊಬ್ಬ, ಪ್ರಾರ್ಥನೆಯಲ್ಲಿ 'ನಮ್ಮ ಪಿತೃಗಳ ದೇವರೇ' ಎನ್ನಲು ತನಗೆ ಹಕ್ಕುಂಟೇ ಎಂದು ಮಹಾಪಂಡಿತ ಮೈಮೋನಿಡೀಸನನ್ನು ಕೇಳಿದ್ದ. ಏನನ್ನೂ ಬದಲಿಸದೆ ಹಾಗೆಯೇ ಹೇಳು, ಅಬ್ರಹಾಮನು ನಿನಗೂ ತಂದೆ ಎಂಬರ್ಥದ ಉತ್ತರ ಅವನಿಗೆ ದೊರೆಯಿತು. ಕ್ರೈಸ್ತರ ಮತ್ತಾಯನ ಸುವಾರ್ತೆಯೂ ವಂಶಾವಳಿಯಿಂದಲೇ ತೊಡಗಿ, ತಾಮಾರ, ರಾಹಾಬ, ರೂತರನ್ನು ಹೆಸರಿಸುತ್ತದೆ. ಆದರೆ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವು ಕೊನೆಯಿಲ್ಲದ ವಂಶಾವಳಿಗಳಲ್ಲಿ ಮುಳುಗಬೇಡಿರೆಂದು ಎಚ್ಚರಿಸುತ್ತದೆ. ಕುಲದ ಹೆಮ್ಮೆಯ ಅಪಾಯವನ್ನು ಅವರೂ ಅರಿತಿದ್ದರು.

ಆ ನನ್ನ ಸಹೋದ್ಯೋಗಿ ಈಗ ಇಲ್ಲ. ಇದ್ದಿದ್ದರೆ ಇಷ್ಟು ಹೇಳುತ್ತಿದ್ದೆ: ನಿಮ್ಮ ತಂದೆಯವರು ಮಾಡಿದ್ದು ಸರಿ. ಆ ಹೆಸರುಗಳು ಒಂದು ಕಾಲಕ್ಕೆ ಯಾರದೋ ಹೊಲ, ಯಾರದೋ ಮರ್ಯಾದೆ, ಯಾರದೋ ಮನೆಗೆ ಮರಳುವ ದಾರಿ ಆಗಿದ್ದವು. ಓದುವಾಗ ಒಂದನ್ನೂ ಬಿಡಬಾರದು. ಪಟ್ಟಿ ಮುಗಿದ ಮೇಲೆ, ಅದರಲ್ಲಿ ಹೆಸರು ಸಿಗದೆ ಹೊರಗೆ ನಿಂತವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ತಲೆಯೆತ್ತಿ ನೋಡಲೂಬೇಕು.